ಎಲ್ಕ್ ಬೇಟೆಗೆ ಕೈಯಾರೆ ತುಂಬಿದ ತೋಟೆ: ಮೊದಲು ಗುಂಡು, ಆಮೇಲೆ ಮದ್ದು

ಪ್ರಶ್ನೆ: ನಾನು ಮೂಲತಃ ಮಡಿಕೇರಿ ಕಡೆಯವನು. ಈಗ ಅಮೆರಿಕದ ಕೊಲರಾಡೊದಲ್ಲಿ ಗ್ರೀನ್ ಕಾರ್ಡ್ ಮೇಲಿದ್ದೇನೆ. ಈ ನವೆಂಬರ್‌ಗೆ ಹೆಣ್ಣು ಎಲ್ಕ್‌ನ (ಅಲ್ಲಿನ ದೊಡ್ಡ ಜಿಂಕೆ) ಟ್ಯಾಗ್, ಅಂದರೆ ಬೇಟೆ ಅನುಮತಿ, ಸಿಕ್ಕಿದೆ. ನನ್ನಲ್ಲಿರುವುದು 22 ಇಂಚು ಬ್ಯಾರೆಲ್ಲಿನ .30-06 ಬೋಲ್ಟ್ ಆಕ್ಷನ್ ರೈಫಲ್. ತೋಟೆಗಳನ್ನು ನಾನೇ ತುಂಬಬೇಕೆಂದಿದ್ದೇನೆ. ಗುರಿ ಹಲಗೆಯ ಮೇಲೆ ಅತಿ ಚಿಕ್ಕ ಗುಂಪು ಕೊಡುವ, ಅಂದರೆ ಹೊಡೆತಗಳನ್ನೆಲ್ಲ ಹತ್ತಿರ ಹತ್ತಿರ ಬೀಳಿಸುವ, 168 ಗ್ರೇನ್ (ಪೌಂಡಿಗೆ 7,000 ಗ್ರೇನ್) ತೂಕದ ಮ್ಯಾಚ್ ಗುಂಡು, ಗುರಿ ಸ್ಪರ್ಧೆಗೆಂದು ಮಾಡಿದ್ದು, ಸಾಕೇ? ತಾಮ್ರದ 165 ಗ್ರೇನ್ ಗುಂಡು ಒಳ್ಳೆಯದೇ, ಸೀಸದ 180 ಗ್ರೇನೇ? ಯಾವ ಪೌಡರ್, ಎಷ್ಟು ಹಾಕಬೇಕು? ಗೆಳೆಯರೊಬ್ಬರು ತಮ್ಮ .30-06ಗೆ ತುಂಬಿಟ್ಟ 40 ತೋಟೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು. ಬೇಡ. ಗೆಳೆಯರು ಎಷ್ಟೇ ನುರಿತವರಾಗಿರಲಿ, ಆ ತೋಟೆಗಳು ಅವರ ಛೇಂಬರಿಗೆ (ರೈಫಲಿನಲ್ಲಿ ತೋಟೆ ಕೂರುವ ಗೂಡು), ಅವರ ಬ್ಯಾರೆಲ್ಲಿನ ಗಂಟಲಿಗೆ ಹೊಂದಿಸಿದವು. ಅವರ ರೈಫಲಿನಲ್ಲಿ ಗುಂಡಿನ ಮೂತಿಗೂ ಬ್ಯಾರೆಲ್ಲಿನ ಗೀರುಗಳು ಶುರುವಾಗುವ ಜಾಗಕ್ಕೂ ನಡುವೆ ಸಾಕಷ್ಟು ತೆರಪಿರಬಹುದು. ನಿಮ್ಮದರಲ್ಲಿ ಅದೇ ತೋಟೆಯ ಗುಂಡು ಗೀರಿಗೇ ಒತ್ತಿಕೊಂಡು ಕೂರಬಹುದು, ಆಗ ಅದೇ ಮದ್ದಿಗೆ ಒತ್ತಡ ಏರುತ್ತದೆ. ಒಳಗಿರುವುದು ಯಾವ ಮದ್ದು, ಎಷ್ಟು ಎಂಬುದಕ್ಕೆ ಅವರ ಮಾತೊಂದೇ ಆಧಾರ. ಬೇರೆಯವರು ತುಂಬಿದ ತೋಟೆ ಹಾರಿಸುವುದಿಲ್ಲ ಎಂಬುದು ಈ ಕೆಲಸದಲ್ಲಿ ಸ್ನೇಹದ ಪ್ರಶ್ನೆಯೇ ಅಲ್ಲ. ತೋಟೆಗಳ ಬದಲು ಅವರ ಸಮಯ ಕೇಳಿ. ಅವರ ಪ್ರೆಸ್ (ತೋಟೆ ತುಂಬುವ ಯಂತ್ರ) ಪಕ್ಕದಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿದರೆ 40 ತೋಟೆಗಿಂತ ಹೆಚ್ಚು ಸಿಗುತ್ತದೆ.

ಕಾನೂನಿನ ವಿಷಯ ಬೇಗ ಮುಗಿಸೋಣ. ಗ್ರೀನ್ ಕಾರ್ಡ್ ಇರುವುದರಿಂದ ವೀಸಾದ ತೊಡಕು ನಿಮಗಿಲ್ಲ. ಎಚ್-1ಬಿ, ಎಫ್-1ರಂಥ ವೀಸಾದಲ್ಲಿರುವವರು ಕೋವಿಯನ್ನೂ ತೋಟೆಯನ್ನೂ ಹೊಂದುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಇದನ್ನು ಓದುವ ಬೇರೆಯವರು ಗಮನಿಸಲಿ. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ, ಮಾರುವುದಕ್ಕೆ ಬೇಕು. ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಎಲ್ಕ್‌ಗೆ ಬಳಸುವ ರೈಫಲ್ ಕನಿಷ್ಠ .24 ಕ್ಯಾಲಿಬರ್, ಗುಂಡು ಹಿಗ್ಗುವ ಬಗೆಯದು, ಕನಿಷ್ಠ 85 ಗ್ರೇನ್ ತೂಕ, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ, ಇವು ಅಲ್ಲಿನ ಕಟ್ಟಳೆಗಳು. ಹಿಗ್ಗದ, ಪೂರ್ತಿ ಲೋಹದ ಕವಚದ ಸೇನಾ ಮಾದರಿಯ ಗುಂಡು ನಿಷಿದ್ಧ. ಕ್ಯಾಲಿಫೋರ್ನಿಯಾಕ್ಕೆ ಬೇಟೆಗೆ ಹೋಗುವವರಿಗೆ ಸೀಸದ ಆಯ್ಕೆಯೇ ಇಲ್ಲ: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸರಹಿತ ಗುಂಡೇ ಆಗಬೇಕು. ಇನ್ನು ಇದನ್ನೆಲ್ಲ ಓದಿ ಊರಿನಲ್ಲಿ ಪ್ರಯೋಗಿಸುವ ಯೋಚನೆ ಯಾರಿಗಾದರೂ ಬಂದರೆ, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸುತ್ತದೆ, ತೋಟೆ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಬೇಕು. ಮಾತು ಅಲ್ಲಿಗೆ ಮುಗಿಯಿತು.

ಈಗ ಗುಂಡು. ಹೆಚ್ಚಿನವರು ಪೌಡರ್ ಯಾವುದು ಎಂಬಲ್ಲಿಂದ ಶುರು ಮಾಡುತ್ತಾರೆ, ಇಲ್ಲವೇ ಗುಂಪು ಎಷ್ಟು ಚಿಕ್ಕದು ಎಂಬಲ್ಲಿಂದ. ಎರಡೂ ತಿರುಗುಮುರುಗು. ಪ್ರಾಣಿಯ ಮೈಯೊಳಗೆ ಕೆಲಸ ಮಾಡುವುದು ಗುಂಡು ಮಾತ್ರ. ಮದ್ದು, ಅದಕ್ಕೆ ಕಿಡಿ ಹಚ್ಚುವ ಪ್ರೈಮರ್, ಇವನ್ನೆಲ್ಲ ಹಿಡಿದಿಡುವ ಲೋಹದ ಕೇಸ್ ಎಲ್ಲವೂ ಆ ಗುಂಡನ್ನು ಸರಿಯಾದ ವೇಗದಲ್ಲಿ, ಪ್ರತಿ ಸಲ, ಚಳಿಯಲ್ಲೂ ಅಲ್ಲಿಗೆ ಮುಟ್ಟಿಸುವುದಕ್ಕೆ ಇರುವ ಸಾಧನಗಳು.

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ದೊಡ್ಡದು. ಬೆಳೆದ ಹೆಣ್ಣು ಸುಮಾರು 220-240 ಕಿಲೋ, ಗಂಡು 300 ಕಿಲೋ ದಾಟುತ್ತದೆ. ಚರ್ಮ ದಪ್ಪ, ಹೆಗಲೆಲುಬು ಗಟ್ಟಿ, ಎದೆಗೂಡು ಅಗಲ. ಶ್ವಾಸಕೋಶಕ್ಕೆ ಸರಿಯಾಗಿ ಪೆಟ್ಟು ಬಿದ್ದರೂ ನಿಂತಲ್ಲೇ ಬೀಳುವುದು ಖಚಿತವಲ್ಲ. ಕತ್ತಲಾಗುವ ಮುಂಚೆ ಇಳಿಜಾರಿನ ಸ್ಪ್ರೂಸ್ ಕಾಡಿನಲ್ಲಿ ಅದನ್ನು ಹುಡುಕಬೇಕಾದಾಗ ರಕ್ತದ ಜಾಡು ಬೇಕು. ಆ ಜಾಡು ಗುಂಡು ಆಚೆ ಪಕ್ಕದಿಂದ ಹೊರಬಿದ್ದರೆ ಚೆನ್ನಾಗಿ ಸಿಗುತ್ತದೆ. ಪ್ರಾಣಿ ಯಾವಾಗಲೂ ಪೂರ್ತಿ ಅಡ್ಡ ನಿಲ್ಲುವುದಿಲ್ಲ, ಓರೆಯಾಗಿ ನಿಂತಾಗ ಎದೆಗೆ ತಲುಪುವ ದಾರಿ ಉದ್ದವಾಗುತ್ತದೆ, ನಡುವೆ ಎಲುಬೂ ಬರುತ್ತದೆ. ಹಾಗಾಗಿ ಗುಂಡಿಗೆ ಎರಡು ಗುಣ ಬೇಕು: ಹಿಗ್ಗಬೇಕು, ಹಿಗ್ಗಿದ ಮೇಲೂ ಚೂರಾಗದೆ ಮುಂದೆ ಸಾಗಬೇಕು.

ಈ ಎರಡೂ ಗುಂಡು ತಗಲುವ ವೇಗದ ಮೇಲೆ ನಿಂತಿವೆ. ಪ್ರತಿ ಬೇಟೆ ಗುಂಡಿಗೂ ವೇಗದ ಒಂದು ಮೇಲ್ಮಿತಿ, ಒಂದು ಕೆಳಮಿತಿ ಇರುತ್ತವೆ. ಮೇಲ್ಮಿತಿ ದಾಟಿದರೆ ತೆಳು ಕವಚದ ಗುಂಡು ಹೆಗಲೆಲುಬಿನ ಮೇಲೇ ಸಿಡಿದು ಚೂರಾಗಿ ಒಳಗೆ ಹೋಗುವುದೇ ಇಲ್ಲ. ಕೆಳಮಿತಿಗಿಂತ ಇಳಿದರೆ ಗುಂಡು ಹಿಗ್ಗದೆ ಸಣ್ಣ ತೂತು ಮಾಡಿ ಹಾದುಹೋಗುತ್ತದೆ, ಪ್ರಾಣಿ ಗಾಯಗೊಂಡು ಎಷ್ಟೋ ದೂರ ಓಡುತ್ತದೆ. ಉದಾಹರಣೆಗೆ ನೋಸ್ಲರ್ ಆಕ್ಯುಬಾಂಡ್ ಗುಂಡಿನ ತಯಾರಕರು ಕೊಡುವ ಕೆಳಮಿತಿ ಸೆಕೆಂಡಿಗೆ 1,800 ಅಡಿ. ಗುಂಡು ಆರಿಸುವುದೆಂದರೆ ನಿಮ್ಮ ರೈಫಲಿನ ವೇಗ, ನೀವು ಹಾರಿಸುವ ಅತಿ ಹತ್ತಿರದ ಮತ್ತು ಅತಿ ದೂರದ ಅಂತರ, ಈ ಮೂರನ್ನೂ ಆ ಎರಡು ಮಿತಿಗಳ ನಡುವೆ ಕೂರಿಸುವುದು. ಇದಿಷ್ಟು ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

168 ಗ್ರೇನ್ ಮ್ಯಾಚ್ ಗುಂಡನ್ನು ಇಲ್ಲಿಯೇ ಕೈಬಿಡಿ. ಅದರ ತುದಿಯಲ್ಲಿ ಕಾಣುವ ಸಣ್ಣ ತೂತು ಹಿಗ್ಗುವುದಕ್ಕೆಂದು ಇಟ್ಟದ್ದಲ್ಲ, ಕವಚವನ್ನು ಹಿಂದಿನಿಂದ ಮುಂದಕ್ಕೆ ಎಳೆದು ರೂಪಿಸುವಾಗ ಉಳಿಯುವಂಥದ್ದು. ಕೆಲವೊಮ್ಮೆ ಹಿಗ್ಗುತ್ತದೆ, ಕೆಲವೊಮ್ಮೆ ಚೂರಾಗುತ್ತದೆ, ಕೆಲವೊಮ್ಮೆ ಏನೂ ಆಗದೆ ತೂರಿಹೋಗುತ್ತದೆ. ಮ್ಯಾಚ್‌ಕಿಂಗ್ ಮಾಡುವ ಸಿಯೆರಾ ಕಂಪನಿಯೇ ಅದನ್ನು ಬೇಟೆಗೆ ಶಿಫಾರಸು ಮಾಡುವುದಿಲ್ಲ. ಹಲಗೆಯಲ್ಲಿ ಅರ್ಧ ಇಂಚು ಉಳಿಸಿ ಕಾಡಿನಲ್ಲಿ ಪ್ರಾಣಿ ಕಳೆದುಕೊಳ್ಳುವ ವ್ಯಾಪಾರ ಇದು.

ಉಳಿದವು ಮೂರು ಬಗೆ. ಮೊದಲನೆಯದು ತಾಮ್ರದ ಕವಚ, ಸೀಸದ ತಿರುಳಿನ ಸಾದಾ ಗುಂಡು. ಹಾರ್ನಡಿ ಇಂಟರ್‌ಲಾಕ್, ಸಿಯೆರಾ ಗೇಮ್‌ಕಿಂಗ್ ಈ ಸಾಲಿನವು. ಇವು ಅಗ್ಗ, ಬೇಗ ಹಿಗ್ಗುತ್ತವೆ, ಹೆಚ್ಚು ತೂಕ ಕಳೆದುಕೊಳ್ಳುತ್ತವೆ. .30-06ರ ಮಧ್ಯಮ ವೇಗದಲ್ಲಿ 180 ಗ್ರೇನ್ ಸಾದಾ ಗುಂಡು ಎಲ್ಕ್‌ಗೆ ಸಾಲದು ಎನ್ನುವವರ ಜೊತೆ ನಾನು ವಾದಿಸುತ್ತೇನೆ, ದಶಕಗಳ ಕಾಲ ಆ ಪರ್ವತಗಳಲ್ಲಿ ಕೆಲಸ ಮಾಡಿದ್ದು ಅದೇ. ಅದೇ ಗುಂಡನ್ನು ಹೆಚ್ಚು ವೇಗದ .300 ವಿಂಚೆಸ್ಟರ್ ಮ್ಯಾಗ್ನಮ್‌ನಿಂದ 40 ಗಜದಲ್ಲಿ ಹೆಗಲಿಗೆ ಹೊಡೆದರೆ ಮಾತು ಬೇರೆ. ಎರಡನೆಯದು ತಿರುಳನ್ನು ಹಿಡಿದಿಡುವ ವ್ಯವಸ್ಥೆ ಇರುವ ಗುಂಡು. ನೋಸ್ಲರ್ ಪಾರ್ಟಿಶನ್‌ನಲ್ಲಿ ನಡುವೆ ತಾಮ್ರದ ಅಡ್ಡಗೋಡೆ ಇದೆ: ಮುಂದಿನ ಭಾಗ ಹಿಗ್ಗಿ ಸವೆದರೂ ಹಿಂದಿನ ಭಾಗ ಹಾಗೆಯೇ ಸಾಗುತ್ತದೆ. 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಒಂದರ ಮೇಲೆ ಗುಂಡು ಕೈಕೊಟ್ಟಿದ್ದರಿಂದ ಜಾನ್ ನೋಸ್ಲರ್ ಇದನ್ನು ರೂಪಿಸಿದರು, 1948ರಿಂದ ಮಾರುಕಟ್ಟೆಯಲ್ಲಿದೆ. ಆಕ್ಯುಬಾಂಡ್, ಸ್ವಿಫ್ಟ್ ಎ-ಫ್ರೇಮ್‌ಗಳಲ್ಲಿ ಸೀಸವನ್ನು ಕವಚಕ್ಕೆ ಬೆಸೆದಿರುತ್ತಾರೆ. ಮೂರನೆಯದು ಇಡಿಯಾಗಿ ತಾಮ್ರದ್ದು, ಬಾರ್ನ್ಸ್ ಟಿಟಿಎಸ್‌ಎಕ್ಸ್‌ನಂಥದ್ದು. ತೂಕ ಬಹುತೇಕ ಕಳೆದುಕೊಳ್ಳುವುದಿಲ್ಲ, ಆಳಕ್ಕೆ ಹೋಗುತ್ತದೆ, ಮಾಂಸದಲ್ಲಿ ಸೀಸದ ಚೂರುಗಳ ಚಿಂತೆ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಆ ಮಾಂಸ ತಿನ್ನುವವರಿದ್ದರೆ ಈ ಕಾರಣವೊಂದೇ ಸಾಕು ತಾಮ್ರ ಹಿಡಿಯಲು. ಸೀಸದ ಗುಂಡಿನಲ್ಲಿ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ದೂರಕ್ಕೂ ಹರಡಿರುತ್ತವೆ.

ನಿಮ್ಮ ರೈಫಲಿಗೆ ಲೆಕ್ಕ ಹಾಕೋಣ. ತೋಟೆ ತುಂಬುವ ಕೈಪಿಡಿಗಳಲ್ಲಿ .30-06ಗೆ 180 ಗ್ರೇನ್ ಗುಂಡಿನ ವೇಗ 2,700 ಅಡಿಯ ಆಸುಪಾಸಿನಲ್ಲಿರುತ್ತದೆ, ಆದರೆ ಅವರ ಪರೀಕ್ಷಾ ಬ್ಯಾರೆಲ್ ಸಾಮಾನ್ಯವಾಗಿ 24 ಇಂಚಿನದು. ಇಂಚಿಗೆ 20-25 ಅಡಿ ಕಳೆಯಿರಿ, ನಿಮ್ಮ 22 ಇಂಚಿನಲ್ಲಿ 2,650 ಸಿಕ್ಕರೆ ಅದು ಸರಿಯಾದ ವೇಗ. 180 ಗ್ರೇನ್ ಆಕ್ಯುಬಾಂಡ್‌ನ ಜಿ1 ಬ್ಯಾಲಿಸ್ಟಿಕ್ ಗುಣಾಂಕ, ಅಂದರೆ ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಎಂಬುದರ ಅಂಕಿ, 0.507. ಎಲ್ಕ್ ಇರುವ 9,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲರಷ್ಟು, ಹಾಗಾಗಿ ಗುಂಡು ವೇಗವನ್ನು ನಿಧಾನಕ್ಕೆ ಕಳೆದುಕೊಳ್ಳುತ್ತದೆ: 400 ಗಜದಲ್ಲೂ ಸುಮಾರು 2,100 ಅಡಿ ಉಳಿದಿರುತ್ತದೆ. ತಾಮ್ರದ 165 ಗ್ರೇನ್ ಹಗುರವಾದ್ದರಿಂದ 100 ಅಡಿಯಷ್ಟು ವೇಗವಾಗಿ ಹೊರಡುತ್ತದೆ, ಗುಣಾಂಕ ಕಡಿಮೆ ಇರುವುದರಿಂದ ಬೇಗ ನಿಧಾನವಾಗುತ್ತದೆ, 400 ಗಜಕ್ಕೆ ಹೋಗುವಾಗ ಎರಡೂ ಹೆಚ್ಚುಕಮ್ಮಿ ಒಂದೇ. ತಾಮ್ರ ತೂಕ ಕಳೆದುಕೊಳ್ಳುವುದಿಲ್ಲವಾದ್ದರಿಂದ 165 ಗ್ರೇನ್ ತಾಮ್ರ 180 ಗ್ರೇನ್ ಸೀಸಕ್ಕಿಂತ ಕಡಿಮೆ ಆಳಕ್ಕೆ ಹೋಗುತ್ತದೆ ಎಂಬ ಭಯ ಬೇಡ. ಹೆಣ್ಣು ಎಲ್ಕ್, .30-06, 300 ಗಜದೊಳಗೆ: ಎರಡೂ ಸರಿ. ತಾಮ್ರಕ್ಕೆ ವೇಗದ ಕೆಳಮಿತಿಯ ಬಗ್ಗೆ ಕಾಳಜಿ ಹೆಚ್ಚು ಬೇಕು ಎಂಬುದೊಂದೇ ವ್ಯತ್ಯಾಸ, ನಿಮ್ಮ ಅಂತರಕ್ಕೆ ಅದು ಅಡ್ಡ ಬರುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಮಾಂಸ ಮನೆಗೆ ಒಯ್ಯುವವರಿಗೆ ತಾಮ್ರದ 165. ನಿಮ್ಮ ಬ್ಯಾರೆಲ್ ತಾಮ್ರವನ್ನು ಒಪ್ಪದಿದ್ದರೆ ಪಾರ್ಟಿಶನ್ ಅಥವಾ ಆಕ್ಯುಬಾಂಡ್ 180.

ಕಾನೂನಿನ 1,000 ಅಡಿ-ಪೌಂಡ್ ಶಕ್ತಿಯನ್ನು ಲೆಕ್ಕ ಹಾಕುವುದು ಸುಲಭ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ತೆಗೆದುಕೊಂಡು ವೇಗದ ವರ್ಗದಿಂದ ಗುಣಿಸಿ 450,240ರಿಂದ ಭಾಗಿಸಿ. 100 ಗಜದಲ್ಲಿ 2,500 ಅಡಿ ವೇಗದ 180 ಗ್ರೇನ್ ಗುಂಡಿಗೆ ಸುಮಾರು 2,500 ಅಡಿ-ಪೌಂಡ್ ಬರುತ್ತದೆ. ಮಿತಿಗಿಂತ ಎರಡೂವರೆ ಪಟ್ಟು. ಈ ಲೆಕ್ಕವನ್ನು, ಕ್ರೋನೋಗ್ರಾಫ್‌ನ (ಗುಂಡಿನ ವೇಗ ಅಳೆಯುವ ಯಂತ್ರ) ಓದಿನ ಜೊತೆ, ತೋಟೆ ಡಬ್ಬಿಯಲ್ಲಿ ಬರೆದಿಡಿ.

ಈಗ ಮದ್ದು. .30-06ರಲ್ಲಿ 165-180 ಗ್ರೇನ್ ಗುಂಡಿಗೆ ನಿಧಾನಕ್ಕೆ ಉರಿಯುವ ಮದ್ದುಗಳು ಹೊಂದುತ್ತವೆ: ಐಎಂಆರ್ 4350, ಎಚ್4350, ಐಎಂಆರ್ 4831, ರಿಲೋಡರ್ 19, ರಿಲೋಡರ್ 22. ಎಲ್ಲವೂ ಕೇಸನ್ನು ಚೆನ್ನಾಗಿ ತುಂಬುತ್ತವೆ. ಇದರಲ್ಲೊಂದು ದೊಡ್ಡ ಸುರಕ್ಷತೆ ಇದೆ, ಎರಡು ಪಾಲು ಸುರಿದರೆ ಕೇಸಿನ ಬಾಯಿಂದ ಚೆಲ್ಲಿ ಗೊತ್ತಾಗುತ್ತದೆ. ಇವುಗಳ ನಡುವೆ ಆರಿಸಲು ನಿಮಗೆ ಬೇಕಾದ ಮಾನದಂಡ ಚಳಿ. ಆಗಸ್ಟ್‌ನಲ್ಲಿ 33 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ತೋಟೆ ಹೊಂದಿಸಿ, ನವೆಂಬರ್ ಮುಂಜಾನೆ ಮೈನಸ್ 12ರಲ್ಲಿ ಹಾರಿಸುತ್ತೀರಿ. ನಡುವೆ ಸುಮಾರು 80 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ. ತಾಪಕ್ಕೆ ಬೇಗ ಸ್ಪಂದಿಸುವ ಮದ್ದು ಡಿಗ್ರಿಗೆ ಒಂದು ಅಡಿಗೂ ಹೆಚ್ಚು ವೇಗ ಕಳೆದುಕೊಳ್ಳಬಹುದು, ಅಂದರೆ 80-100 ಅಡಿ. ದೂರದ ಹೊಡೆತದಲ್ಲಿ ಗುಂಡು ಕೆಳಗೆ ಬೀಳಲು ಅಷ್ಟು ಸಾಕು. ಎಚ್4350 ತಾಪದ ಏರಿಳಿತಕ್ಕೆ ಕಡಿಮೆ ಬಾಗುವಂತೆ ಮಾಡಿದ್ದು, ಅದಕ್ಕೇ ಬೇಟೆಗಾರರು ಮುಗಿಬೀಳುತ್ತಾರೆ, ಅದಕ್ಕೇ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಸಿಗದಿದ್ದರೆ ಬೇರೆ ಮದ್ದು ಹಿಡಿಯಿರಿ, ಆದರೆ ಚಳಿಯಲ್ಲಿ ಮತ್ತೊಮ್ಮೆ ವೇಗ ಅಳೆಯಿರಿ. ವಿರುದ್ಧ ದಿಕ್ಕಿನ ತಪ್ಪೂ ಇದೆ: ಚಳಿಗಾಲದಲ್ಲಿ ಗರಿಷ್ಠದ ಅಂಚಿಗೆ ಹೊಂದಿಸಿದ ತೋಟೆಯನ್ನು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕಾಯಿಸಿ ಹಾರಿಸುವುದು.

ಎಷ್ಟು ಗ್ರೇನ್ ಎಂದು ಕೇಳಿದ್ದೀರಿ. ಅದನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಅಂಕಿಯೊಂದು ತಪ್ಪಾಗಿ ಅಚ್ಚಾದರೆ ಬೆಲೆ ತೆರುವುದು ನಿಮ್ಮ ಕಣ್ಣು. ಗುಂಡು ಮಾಡಿದ ಕಂಪನಿಯ ಇತ್ತೀಚಿನ ಕೈಪಿಡಿ ಮತ್ತು ಮದ್ದು ಮಾಡಿದ ಕಂಪನಿಯ ಪಟ್ಟಿ, ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲಿ ಗರಿಷ್ಠ ಬೇರೆ ಬೇರೆ ಇದ್ದರೆ ಕಡಿಮೆಯದನ್ನು ಹಿಡಿಯಿರಿ. ಸೀಸದ ಗುಂಡಿಗೆ ಕೊಟ್ಟ ಅಂಕಿಯನ್ನು ಅಷ್ಟೇ ತೂಕದ ತಾಮ್ರದ ಗುಂಡಿಗೆ ಬಳಸಲೇಬೇಡಿ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ. ಐಎಂಆರ್ 4350, ಎಚ್4350 ಹೆಸರಿನಲ್ಲಿ ಒಂದೇ ಸಂಖ್ಯೆ ಇದ್ದರೂ ಅವು ಎರಡು ಬೇರೆ ಮದ್ದು, ಒಂದರ ಅಂಕಿ ಇನ್ನೊಂದಕ್ಕಲ್ಲ. ಮೇಜಿನ ಮೇಲೆ ಯಾವ ಹೊತ್ತಿಗೂ ಒಂದೇ ಮದ್ದಿನ ಡಬ್ಬಿ ಇರಲಿ. ಎರಡು ಪಾಲು ಮದ್ದನ್ನು ಕೇಸು ತಾನೇ ತೋರಿಸಿಕೊಡುತ್ತದೆ, ಪಿಸ್ತೂಲಿನ ಮದ್ದು ಬಿದ್ದರೆ ಏನೂ ತೋರಿಸುವುದಿಲ್ಲ, ರೈಫಲ್ ಸಿಡಿಯುತ್ತದೆ.

ಹೊಂದಿಸುವ ಬಗೆ ಹೀಗೆ. ಕೈಪಿಡಿಯ ಆರಂಭದ ಅಂಕಿಯಿಂದ, ಅದು ಸಾಮಾನ್ಯವಾಗಿ ಗರಿಷ್ಠಕ್ಕಿಂತ 10 ಶೇಕಡಾದಷ್ಟು ಕಡಿಮೆ ಇರುತ್ತದೆ, ಅರ್ಧರ್ಧ ಗ್ರೇನ್ ಏರಿಸುತ್ತ ಪ್ರತಿ ಮೆಟ್ಟಿಲಿಗೆ ಎರಡು ತೋಟೆ ತುಂಬಿ. ಕ್ರೋನೋಗ್ರಾಫ್ ಇಲ್ಲದೆ ಇದನ್ನು ಮಾಡಬೇಡಿ. ಕೆಳಗಿನಿಂದ ಮೇಲಕ್ಕೆ ಹಾರಿಸುತ್ತ ವೇಗ ಬರೆದುಕೊಳ್ಳಿ. ವೇಗ ಪುಕ್ಕಟೆ ಬರುವುದಿಲ್ಲ, ಅದರ ಹಿಂದೆ ಒತ್ತಡ ಇರಲೇಬೇಕು. ಕೈಪಿಡಿಯ ಗರಿಷ್ಠ ಮದ್ದಿಗಿಂತ ಒಂದೂವರೆ ಗ್ರೇನ್ ಕೆಳಗೇ ನಿಮಗೆ ಕೈಪಿಡಿಯ ಗರಿಷ್ಠ ವೇಗ ಬಂದುಬಿಟ್ಟರೆ ನಿಮ್ಮ ರೈಫಲ್ ಗರಿಷ್ಠ ಒತ್ತಡ ಮುಟ್ಟಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ನಿಮ್ಮ ಬ್ಯಾರೆಲ್ ಗಿಡ್ಡವಾಗಿರುವಾಗಲಂತೂ ಖಂಡಿತ. ಚಪ್ಪಟೆಯಾದ ಪ್ರೈಮರ್, ಕೇಸಿನ ಬುಡದಲ್ಲಿ ಇಜೆಕ್ಟರ್‌ನ (ಖಾಲಿ ಕೇಸನ್ನು ಹೊರಗೆಸೆಯುವ ಭಾಗ) ಹೊಳೆಯುವ ಗುರುತು, ಬಿಗಿಯಾದ ಬೋಲ್ಟ್ ಹಿಡಿ, ಸಡಿಲವಾದ ಪ್ರೈಮರ್ ಗುಳಿ ಇವನ್ನೆಲ್ಲ ಒತ್ತಡದ ಲಕ್ಷಣ ಎನ್ನುತ್ತಾರೆ. ನಿಜ, ಆದರೆ ಬೋಲ್ಟ್ ಬಿಗಿಯಾಗುವ ಹೊತ್ತಿಗೆ .30-06ರ ಮಿತಿಯಾದ ಚದರ ಇಂಚಿಗೆ 60,000 ಪೌಂಡ್ ದಾಟಿ ಎಷ್ಟೋ ದೂರ ಹೋಗಿರುತ್ತೀರಿ. ಲಕ್ಷಣ ಕಾಣಲಿಲ್ಲ ಎಂಬುದು ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ. ಬೇಟೆಗೆ ಗರಿಷ್ಠಕ್ಕಿಂತ ಅರ್ಧದಿಂದ ಒಂದು ಗ್ರೇನ್ ಕೆಳಗೆ ನಿಲ್ಲಿ. ಅದರಿಂದ ಹೋಗುವ 30-50 ಅಡಿ ವೇಗ ಎಲ್ಕ್‌ಗೆ ಗೊತ್ತಾಗುವುದಿಲ್ಲ, ಮಳೆಯಲ್ಲಿ ನೆನೆದ ತೋಟೆ ಹಾರಿಸಿದ ಮೇಲೂ ಬೋಲ್ಟ್ ಸಲೀಸಾಗಿ ತೆರೆದರೆ ನಿಮಗೆ ಗೊತ್ತಾಗುತ್ತದೆ.

ಕೇಸು ಹೊಸದಾಗಿರಲಿ, ಒಂದೇ ಕಂಪನಿಯ ಒಂದೇ ಲಾಟಿನ 50 ತೆಗೆದುಕೊಳ್ಳಿ. ಬೇರೆ ಬೇರೆ ಮುದ್ರೆಯ ಕೇಸುಗಳ ಗೋಡೆಯ ದಪ್ಪ ಬೇರೆ, ಒಳಗಿನ ಜಾಗ ಬೇರೆ, ಒತ್ತಡವೂ ಬೇರೆ. ಹಳೆಯ ಸೇನಾ ಕೇಸುಗಳಲ್ಲಿ ಇದು ಇನ್ನೂ ಹೆಚ್ಚು. .30-06 ಕೇಸಿನ ಗರಿಷ್ಠ ಉದ್ದ 2.494 ಇಂಚು, ಕತ್ತರಿಸಬೇಕಾದ ಉದ್ದ 2.484. ಉದ್ದ ಹೆಚ್ಚಾದರೆ ಕೇಸಿನ ಬಾಯಿ ಛೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಹಿಡಿದುಕೊಳ್ಳುತ್ತದೆ, ಒತ್ತಡ ಒಮ್ಮೆಲೇ ಏರುತ್ತದೆ. ಹಾರಿಸಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಿಗೆ ಡೈ ಎನ್ನುತ್ತಾರೆ. ಬೇಟೆ ತೋಟೆಗೆ ಕುತ್ತಿಗೆ ಮಾತ್ರ ಸರಿಪಡಿಸುವ ಡೈ ಬೇಡ, ಪೂರ್ತಿ ಉದ್ದದ ಡೈ ಬಳಸಿ, ಆದರೆ ಅದನ್ನು ಕಣ್ಣುಮುಚ್ಚಿ ಶೆಲ್‌ಹೋಲ್ಡರ್‌ಗೆ (ಪ್ರೆಸ್‌ನಲ್ಲಿ ಕೇಸಿನ ಬುಡ ಹಿಡಿಯುವ ಭಾಗ) ಮುಟ್ಟಿಸಿ ಬಿಗಿಯಬೇಡಿ. ಒಮ್ಮೆ ಹಾರಿಸಿದ ಕೇಸಿನ ಭುಜವನ್ನು ಅಳೆದು, ಅದಕ್ಕಿಂತ 0.002 ಇಂಚು ಮಾತ್ರ ಹಿಂದಕ್ಕೆ ತಳ್ಳುವಂತೆ ಡೈ ಹೊಂದಿಸಿ. ಹೆಚ್ಚು ತಳ್ಳಿದರೆ ಪ್ರತಿ ಹೊಡೆತದಲ್ಲೂ ಕೇಸು ಬುಡದ ಸ್ವಲ್ಪ ಮೇಲೆ ಹಿಗ್ಗಿ ತೆಳ್ಳಗಾಗುತ್ತದೆ, ಕೆಲವು ಬಳಕೆಯ ಬಳಿಕ ಅಲ್ಲೇ ತುಂಡಾಗುತ್ತದೆ. ಒಂದು ಪೇಪರ್ ಕ್ಲಿಪ್ ನೇರ ಮಾಡಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೇಸಿನೊಳಗೆ ಗೋಡೆಗುಂಟ ಎಳೆಯಿರಿ, ಬುಡದ ಹತ್ತಿರ ತಡೆದಂತಾದರೆ ಆ ಕೇಸು ಕಸದ ಬುಟ್ಟಿಗೆ. ಡೈಗೆ ಬಳಸಿದ ಜಿಡ್ಡನ್ನು ಪೂರ್ತಿ ಒರೆಸಿ. ಜಿಡ್ಡು ಉಳಿದರೆ ಕೇಸು ಛೇಂಬರಿನ ಗೋಡೆ ಹಿಡಿಯದೆ ಬೋಲ್ಟ್ ಮೇಲೆ ಭಾರ ಹಾಕುತ್ತದೆ.

ಪ್ರೈಮರ್‌ಗೆ ಕೈಪಿಡಿ ಹೇಳಿದ್ದನ್ನೇ ಬಳಸಿ, ಸಿಸಿಐ 200 ಅಥವಾ ಫೆಡರಲ್ 210ರಂಥ ಸಾದಾ ಲಾರ್ಜ್ ರೈಫಲ್ ಪ್ರೈಮರ್ ಸಾಕು. ಚಳಿಯಲ್ಲವೇ ಎಂದು ಹೆಚ್ಚು ಜೋರಿನ ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಹೊಂದಿಸುವ ಕೆಲಸ ಮತ್ತೆ ಕೆಳಗಿನಿಂದ ಶುರುವಾಗಬೇಕು. ಪ್ರತಿ ಪ್ರೈಮರ್ ಕೇಸಿನ ಬುಡಕ್ಕಿಂತ 0.003-0.005 ಇಂಚು ಒಳಗೆ ಕೂತಿರಬೇಕು. ಬೆರಳು ಸವರಿದರೆ ಗೊತ್ತಾಗುತ್ತದೆ. ಎದ್ದು ನಿಂತ ಪ್ರೈಮರ್ ಮೇಲೆ ಬಿದ್ದ ಸೂಜಿಯ ಪೆಟ್ಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ಸವೆದುಹೋಗಿ ಗುಂಡು ಹಾರುವುದಿಲ್ಲ. ಚಳಿಯಲ್ಲಿ ಟಕ್ ಎಂದು ಸುಮ್ಮನಾಗುವ ರೈಫಲ್‌ಗೆ ಇನ್ನೊಂದು ಕಾರಣ ಬೋಲ್ಟಿನೊಳಗೆ ಗಟ್ಟಿಯಾದ ಎಣ್ಣೆ. ಬೇಟೆಗೆ ಮುಂಚೆ ಬೋಲ್ಟ್ ಬಿಚ್ಚಿ ಎಣ್ಣೆ ಪೂರ್ತಿ ತೆಗೆದು ಒಣಗಿಸಿಕೊಳ್ಳಿ.

ಮದ್ದು ತೂಗುವ ತಕ್ಕಡಿ 0.1 ಗ್ರೇನ್ ನಿಖರವಾಗಿರಲಿ. ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದಲ್ಲಿ ಮೊಬೈಲ್, ಮೇಲೆ ಫ್ಯಾನ್ ಬೇಡ, ಅಂಕಿ ತೇಲುತ್ತದೆ. ಹತ್ತು ತೋಟೆಗೊಮ್ಮೆ ಪರೀಕ್ಷಾ ತೂಕವಿಟ್ಟು ನೋಡಿ. ಮದ್ದು ತುಂಬಿದ ಮೇಲೆ ಎಲ್ಲ ಕೇಸುಗಳನ್ನೂ ಹಲಗೆಯಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ಪ್ರತಿಯೊಂದರ ಒಳಗೂ ಇಣುಕಿ, ಮಟ್ಟ ಒಂದೇ ಇರಬೇಕು. ಮದ್ದು ಇಲ್ಲದ ತೋಟೆಯಲ್ಲಿ ಪ್ರೈಮರ್ ಒಂದೇ ಗುಂಡನ್ನು ಬ್ಯಾರೆಲ್ಲಿನ ಒಳಗೆ ತಳ್ಳಿ ಸಿಕ್ಕಿಸಬಲ್ಲದು. ಸದ್ದು ಕಡಿಮೆ ಬಂದರೆ, ಹೊಡೆತ ಹಗುರವೆನಿಸಿದರೆ, ಕೂಡಲೇ ನಿಲ್ಲಿಸಿ ಬ್ಯಾರೆಲ್ ನೋಡಿ. ಅದರ ಮುಂದಿನ ಹೊಡೆತವೇ ರೈಫಲ್ ಒಡೆಯುವುದು.

ಗುಂಡು ಕೂರಿಸುವ ಆಳಕ್ಕೆ ಎರಡು ಮಿತಿ. .30-06ರ ಒಟ್ಟು ಉದ್ದದ ಪ್ರಮಾಣಿತ ಗರಿಷ್ಠ 3.340 ಇಂಚು, ಅದಕ್ಕಿಂತ ಮೊದಲು ನಿಮ್ಮ ಮ್ಯಾಗಜೀನ್ ಪೆಟ್ಟಿಗೆಯ ಒಳ ಉದ್ದ ನೋಡಿ. ತಾಮ್ರದ ಗುಂಡನ್ನು ಗೀರಿನಿಂದ ಕನಿಷ್ಠ 0.050 ಇಂಚು ದೂರ ಇಡಿ ಎಂದು ಬಾರ್ನ್ಸ್ ಹೇಳುತ್ತದೆ, ಪ್ರಯೋಗ ಅಲ್ಲಿಂದ ಶುರು ಮಾಡಿ. ಬೆಂಚ್ ಮೇಲಿನ ಸ್ಪರ್ಧಿಗಳಂತೆ ಗೀರಿಗೆ ಮುಟ್ಟಿಸಿ ಇಡಬೇಡಿ, ತೋಟೆಯನ್ನು ಹಾರಿಸದೆ ಹೊರತೆಗೆಯುವಾಗ ಗುಂಡು ಬ್ಯಾರೆಲ್ಲಿನಲ್ಲೇ ಉಳಿದು ಮದ್ದು ಆಕ್ಷನ್ನಿನೊಳಗೆ ಚೆಲ್ಲಿದರೆ ಬೇಟೆ ಅಲ್ಲಿಗೆ ಮುಗಿಯಿತು. ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಒತ್ತಿ ಬಿಗಿಯುವ ಕ್ರಿಂಪ್ ಅಗತ್ಯವಿಲ್ಲ, ಕೇಸಿನ ಕುತ್ತಿಗೆ 0.002-0.003 ಇಂಚು ಬಿಗಿ ಇದ್ದರೆ ಸಾಕು. ಪರೀಕ್ಷೆ: ಒಂದು ತೋಟೆಯ ಉದ್ದ ಅಳೆದು ಮ್ಯಾಗಜೀನಿನ ತಳದಲ್ಲಿಟ್ಟು ಮೇಲಿನವನ್ನು ಹಾರಿಸಿ, ಮತ್ತೆ ಅಳೆಯಿರಿ. ಹಿನ್ನೂಕಿಗೆ ಗುಂಡು ಒಳಕ್ಕೆ ಸರಿದಿದ್ದರೆ ಕುತ್ತಿಗೆಯ ಬಿಗಿ ಸಾಲದು.

ಗುಂಪಿನ ಅಳತೆಯ ಬಗ್ಗೆ ಎರಡು ಮಾತು. ಮೂರು ಗುಂಡಿನ ಗುಂಪು ಅದೃಷ್ಟದ ಆಟ. ಅದೇ ತೋಟೆ ಒಂದು ಸಲ ಮುಕ್ಕಾಲು ಇಂಚು, ಇನ್ನೊಂದು ಸಲ ಒಂದೂವರೆ ಇಂಚು ಕೊಡುತ್ತದೆ. ಅರ್ಧ ಗ್ರೇನ್ ವ್ಯತ್ಯಾಸದಲ್ಲಿ ಗುಂಪು ಚಿಕ್ಕದಾಯಿತು, ದೊಡ್ಡದಾಯಿತು ಎಂದು ಮೂರು ಮೂರು ಗುಂಡಿನಲ್ಲಿ ಹುಡುಕುವ ಜಾದೂ ಅಂಕಿ ಬಹುಪಾಲು ಭ್ರಮೆ. ಆರಿಸಿದ ತೋಟೆಯಲ್ಲಿ ಹತ್ತು ಗುಂಡು, ಬ್ಯಾರೆಲ್ ತಣಿಯಲು ಬಿಟ್ಟು ಬಿಟ್ಟು, 100 ಗಜದಲ್ಲಿ ಒಂದೇ ಹಲಗೆಗೆ ಹೊಡೆಯಿರಿ. ಹತ್ತೂ ಎರಡು ಇಂಚಿನೊಳಗೆ ಬಿದ್ದರೆ 300 ಗಜದ ಎಲ್ಕ್‌ಗೆ ಅದು ಬೇಕಾದಷ್ಟಾಯಿತು. ಅದಕ್ಕಿಂತ ಮುಖ್ಯ, ಬೇರೆ ಬೇರೆ ದಿನ ತಣ್ಣನೆಯ ಬ್ಯಾರೆಲ್ಲಿನ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂದು ಒಂದೇ ಹಲಗೆಯಲ್ಲಿ ಗುರುತಿಡಿ. ಎಲ್ಕ್‌ಗೆ ಹೋಗುವುದು ಆ ಗುಂಡು. ಸೀಸದ ಗುಂಡಿನಿಂದ ತಾಮ್ರಕ್ಕೆ ಬದಲಿಸುವಾಗ ಬ್ಯಾರೆಲ್ಲಿನ ಹಳೆಯ ಲೋಹದ ಲೇಪವನ್ನು ಪೂರ್ತಿ ತೊಳೆಯಿರಿ. ತೊಳೆಯದೆ ಹಾರಿಸಿ ತಾಮ್ರ ಸರಿಯಿಲ್ಲ ಎಂದು ತೀರ್ಪು ಕೊಡುವವರು ಬಹಳ.

200 ಗಜಕ್ಕೆ ಗುರಿ ಹೊಂದಿಸಿದರೆ 300 ಗಜದಲ್ಲಿ ಗುಂಡು ಸುಮಾರು 8 ಇಂಚು ಕೆಳಗೆ, 400ರಲ್ಲಿ 22-24 ಇಂಚು ಕೆಳಗೆ. ಈ ಕಾರಣಕ್ಕೇ 300 ಎಂದದ್ದು: ಅಲ್ಲಿಯವರೆಗೆ ಅಂತರದ ಅಂದಾಜಿನಲ್ಲಿ ಸ್ವಲ್ಪ ತಪ್ಪಾದರೂ, ಅಡ್ಡಗಾಳಿ 5-6 ಇಂಚು ತಳ್ಳಿದರೂ, ಎದೆಯೊಳಗೇ ಬೀಳುತ್ತದೆ. ತಗ್ಗಿನ ರೇಂಜಿನಲ್ಲಿ ಹೊಂದಿಸಿದ್ದನ್ನು ಬೇಟೆ ಬಿಡಾರಕ್ಕೆ ತಲುಪಿದ ಮೇಲೆ ಎರಡು ಗುಂಡು ಹಾರಿಸಿ ಖಾತ್ರಿ ಮಾಡಿಕೊಳ್ಳಿ. ಎತ್ತರಕ್ಕಿಂತ ಹೆಚ್ಚಾಗಿ ದಾರಿಯ ಕುಲುಕಾಟ ದುರ್ಬೀನನ್ನು ಅಲುಗಿಸಿರುತ್ತದೆ.

ಖರೀದಿಯ ಲೆಕ್ಕ: 50 ಕೇಸು, 50 ಗುಂಡಿನ ಎರಡು ಡಬ್ಬಿ, 100 ಪ್ರೈಮರ್, ಒಂದೇ ಲಾಟಿನ ಮದ್ದು ಒಂದು ಪೌಂಡ್. ಪೌಂಡಿಗೆ 7,000 ಗ್ರೇನ್, .30-06ಗೆ ಸುಮಾರು 120 ತೋಟೆಯಷ್ಟಾಗುತ್ತದೆ. ಹೊಂದಿಸಲು, ಅಭ್ಯಾಸಕ್ಕೆ, ಬೇಟೆಗೆ ಇಷ್ಟು ಸಾಕು. ಮದ್ದು ಅದರ ಮೂಲ ಡಬ್ಬಿಯಲ್ಲೇ ಇರಲಿ, ಅಳತೆ ಯಂತ್ರದಲ್ಲಿ ಬಿಟ್ಟು ಏಳಬೇಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಡಿಗೆ ಕರಾರು ಮದ್ದು ಇಡಲು ಬಿಡುತ್ತದೆಯೇ ಎಂದು ಮೊದಲು ಓದಿ.

ಬೇಟೆಗೆಂದು 20 ತೋಟೆ ಬೇರೆ ಇಡಿ. ರೇಂಜಿನಲ್ಲಿ, ನಳಿಗೆ ಸುರಕ್ಷಿತ ದಿಕ್ಕಿಗಿಟ್ಟು, ಇಪ್ಪತ್ತನ್ನೂ ಮ್ಯಾಗಜೀನಿನಿಂದಲೇ ಛೇಂಬರಿಗೆ ಏರಿಸಿ ಇಳಿಸಿ. ಬೋಲ್ಟ್ ಬಿಗಿ ಬಂದದ್ದು, ತುದಿ ಡೊಂಕಾದದ್ದು ಅಭ್ಯಾಸದ ಡಬ್ಬಿಗೆ. ಡಬ್ಬಿಯ ಮೇಲೆ ಗುಂಡು, ಮದ್ದು, ಅದರ ಲಾಟು, ಗ್ರೇನ್, ಪ್ರೈಮರ್, ಒಟ್ಟು ಉದ್ದ, ವೇಗ, ಅಳೆದ ದಿನದ ತಾಪ, ಯಾವ ರೈಫಲಿಗೆ ಎಂಬುದನ್ನೆಲ್ಲ ಬರೆದಿಡಿ. ಇನ್ನೊಂದು ವಿಷಯ, ಡಿಸೆಂಬರಿನಲ್ಲಿ ಊರಿಗೆ ಹೊರಡುವವರಿಗೆ: ರೇಂಜಿಗೆ, ಬೇಟೆಗೆ ಒಯ್ದ ಬ್ಯಾಗನ್ನು ವಿಮಾನಕ್ಕೆ ಒಯ್ಯಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಸಜೀವ ಗುಂಡು ಕೆಂಪೇಗೌಡ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ಎದುರಿಸಬೇಕಾಗಬಹುದು, ಮರೆತಿದ್ದೆ ಎಂಬ ವಿವರಣೆಯನ್ನು ಪೊಲೀಸ್ ಠಾಣೆಯಲ್ಲಿ ಕೊಡಬೇಕಾಗುತ್ತದೆ. ಬೇಟೆಯ ಬ್ಯಾಗಿಗೆ ಬೇರೆ ಬಣ್ಣದ್ದೇ ಕೊಳ್ಳಿ.